ಅವರು ಅಂದ್ರೆ ಯಾರು, ಅದು ಅಂದ್ರೆ ಯಾವುದು?

ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸು ಸುರತ್ಕಲ್ ದಾಟುವ ಹೊತ್ತಿಗೆ ಯಾರಾದರೊಬ್ಬರು ಫೋನಿನಲ್ಲಿ ಜೋರಾಗಿ ಮಾತಾಡುತ್ತಲೇ ಇರುತ್ತಾರೆ. "ಹ್ಞಾ, ಅವರು ಬರ್ತಾರಂತೆ ಮಾರಾಯ್ತಿ. ಇವರಿಗೆ ಹೇಳಿದ್ದಾರಂತೆ. ಅದನ್ನು ಅಲ್ಲೇ ಇಡ್ಲಿಕ್ಕೆ ಹೇಳು. ಮತ್ತೆ ಅವಳಿಗೆ ಗೊತ್ತಾಗುದು ಬೇಡ." ಇಡೀ ಬಸ್ಸಿಗೆ ಪ್ರತಿ ಶಬ್ದವೂ ಕೇಳಿಸಿತು. ಪ್ರತಿ ಶಬ್ದದ ಅರ್ಥವೂ ಎಲ್ಲರಿಗೂ ಗೊತ್ತು. ಆದರೂ ಯಾರು ಬರುತ್ತಾರೆ, ಏನನ್ನು ಎಲ್ಲಿ ಇಡಬೇಕು, ಯಾರಿಗೆ ಗೊತ್ತಾಗಬಾರದು, ಒಂದೂ ತಿಳಿಯಲಿಲ್ಲ. ಫೋನಿನ ಆ ಕಡೆ ಇದ್ದವಳಿಗೆ ಮಾತ್ರ ಎಲ್ಲವೂ ತಿಳಿಯಿತು. ಅದೂ ಒಂದೇ ಒಂದು ಹೆಸರು ಹೇಳದೆ.

ಅಂದರೆ ಶಬ್ದದ ಅರ್ಥ ಬೇರೆ, ಆ ಶಬ್ದ ಈ ಹೊತ್ತಿಗೆ ಯಾರನ್ನು ಅಥವಾ ಯಾವುದನ್ನು ಹಿಡಿದು ತೋರಿಸುತ್ತಿದೆ ಅನ್ನುವುದು ಬೇರೆ. ಈ ಎರಡನೆಯದನ್ನು ಭಾಷೆ ಓದುವವರು 'ರೆಫರೆನ್ಸ್' ಅನ್ನುತ್ತಾರೆ. ನಾನಿಲ್ಲಿ ಸುಮ್ನೆ 'ಗುರಿ' ಅಂತ ಕರೆಯುತ್ತೇನೆ.

ಶಾಲೆಯಲ್ಲಿ ನಮಗೆಲ್ಲ ಬಾಯಿಪಾಠ ಮಾಡಿಸಿದ ಒಂದು ಸಾಲಿದೆ: ನಾಮಪದದ ಬದಲಿಗೆ ಬರುವ ಪದವೇ ಸರ್ವನಾಮ. ಪರೀಕ್ಷೆಗೆ ಅಷ್ಟು ಸಾಕು. ಆದರೆ 'ತನ್ನ ಬೆನ್ನು ತನಗೆ ಕಾಣದು' ಅನ್ನುವ ಗಾದೆಯಲ್ಲಿ 'ತನ್ನ' ಯಾವ ನಾಮಪದದ ಬದಲಿಗೆ ಬಂದಿದೆ? 'ತಾನು ಕಳ್ಳ, ಪರರ ನಂಬ' ಅಂದಾಗ ಆ ಕಳ್ಳನ ಹೆಸರೇನು? ಬದಲಿಗೆ ಹಾಕಲು ಹೊರಟರೆ ಯಾವ ಹೆಸರೂ ಅಲ್ಲಿ ಕೂರುವುದಿಲ್ಲ. ಹೋಗಲಿ, 'ನಾನು' ಅನ್ನುವ ಕಡೆಯೆಲ್ಲ ನನ್ನ ಹೆಸರು ಹಾಕಿಕೊಂಡು ಮಾತಾಡಿದರೆ ಮನೆಯವರು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬಹುದು. ಆ ಹಳೇ ಸಾಲನ್ನು ಬಿಟ್ಟು ಹೀಗೆ ಯೋಚಿಸಿದರೆ ವಿಷಯ ಸಲೀಸು: ಸರ್ವನಾಮವಾಗಲಿ, ನಾಮಪದವಾಗಲಿ, ಗುರಿಯನ್ನು ಹೊತ್ತುಕೊಂಡು ಬರುವುದಿಲ್ಲ. ಎಲ್ಲಿ ಹುಡುಕಬೇಕು ಅಂತ ಕೇಳುವವರಿಗೆ ದಾರಿ ಹೇಳುತ್ತದೆ. ಅಶ್ವತ್ಥಕಟ್ಟೆ ದಾಟಿ ಎಡಕ್ಕೆ ಮೂರನೇ ಮನೆ ಅಂದ ಹಾಗೆ. ಮನೆ ಹುಡುಕುವ ಕೆಲಸ ಕೇಳಿದವರದ್ದೇ. ಬೇರೆ ಬೇರೆ ಪದ ಬೇರೆ ಬೇರೆ ರೀತಿಯ ದಾರಿ ಹೇಳುತ್ತದೆ, ಅಷ್ಟೆ.

ಎಲ್ಲಕ್ಕಿಂತ ಸುಲಭದ ದಾರಿ 'ನಾನು'. ಈ ಮಾತು ಯಾರ ಬಾಯಿಂದ ಬರ್ತಾ ಉಂಟು ನೋಡು, ಅವರೇ. 'ಇಲ್ಲಿ' ಅಂದರೆ ಮಾತಾಡುತ್ತಿರುವ ಜಾಗ. 'ನಾಳೆ' ಅಂದರೆ ಮಾತಾಡಿದ ದಿನದ ಮರುದಿನ. ಅಂಗಡಿಯ ಗೋಡೆಯಲ್ಲಿ 'ಇಂದು ನಗದು, ನಾಳೆ ಸಾಲ' ಅಂತ ಬೋರ್ಡ್ ಇರುತ್ತದಲ್ಲ, ಅದರ ತಮಾಷೆ ಇರುವುದೇ ಇದರಲ್ಲಿ. ಬೋರ್ಡ್ ದಿನವೂ ಹೊಸದಾಗಿ ಮಾತಾಡುತ್ತದೆ, ಹಾಗಾಗಿ 'ನಾಳೆ' ದಿನವೂ ಒಂದು ದಿನ ಮುಂದೆ ಓಡುತ್ತದೆ. ಒಂದು ಕಾಲದಲ್ಲಿ ಕರ್ನಾಟಕದ ಊರುಗಳಲ್ಲಿ ದೆವ್ವ ಬಾರದಿರಲಿ ಅಂತ ಬಾಗಿಲ ಮೇಲೆ 'ನಾಳೆ ಬಾ' ಅಂತ ಬರೆಯುತ್ತಿದ್ದರು. ಪಾಪ, ಆ ದೆವ್ವ ಓದಲು ಕಲಿತಿತ್ತು, ತಾರೀಕು ಬರೆದಿಟ್ಟುಕೊಳ್ಳಲು ಕಲಿತಿರಲಿಲ್ಲ.

'ನಾವು' ಅಷ್ಟು ಸುಲಭವಲ್ಲ. "ನಾವು ನಾಳೆ ಧರ್ಮಸ್ಥಳಕ್ಕೆ ಹೋಗ್ತಾ ಇದ್ದೇವೆ" ಅಂತ ಪಕ್ಕದ ಮನೆಯವರು ಹೇಳಿದರೆ ಅದು ಸುದ್ದಿಯೋ ಕರೆಯೋ? ಕನ್ನಡದ 'ನಾವು' ಅದನ್ನು ಹೇಳುವುದಿಲ್ಲ. ತುಳುವಿನಲ್ಲಿ ಈ ಗೊಂದಲವೇ ಇಲ್ಲ. 'ಎಂಕುಲು' ಅಂದರೆ ನಾವು, ನೀವಿಲ್ಲ. 'ನಮ' ಅಂದರೆ ನಾವು, ನೀವೂ ಸೇರಿ. "ನಮ ಪೋಯಿ" ಅಂದರೆ ಚಪ್ಪಲಿ ಹಾಕಿಕೊಳ್ಳಬಹುದು. 'ಎಂಕುಲು' ಅಂದರೆ "ಆಯ್ತು, ಹೋಗಿ ಬನ್ನಿ" ಅನ್ನಬೇಕು. ತಮಿಳು, ತೆಲುಗಿನಲ್ಲೂ ಈ ವ್ಯತ್ಯಾಸ ಉಂಟು. ಇಂಗ್ಲಿಷಿನಲ್ಲಿ ಇಲ್ಲ. ಮನೆಯಲ್ಲಿ ತುಳು, ಬ್ಯಾಂಕಿನಲ್ಲಿ ಕನ್ನಡ, ಇಮೇಲಿನಲ್ಲಿ ಇಂಗ್ಲಿಷ್ ಆಡುವ ಮಂಗಳೂರಿನವರು ದಿನಕ್ಕೆ ಎಷ್ಟೋ ಸಲ ಈ ಮಾಹಿತಿಯನ್ನು ಕೊಡುತ್ತಾ, ಬಿಡುತ್ತಾ ಇರುತ್ತಾರೆ. ಯಾರಿಗೂ ಗೊತ್ತೇ ಆಗುವುದಿಲ್ಲ.

ಇನ್ನು 'ಇವರು', 'ಅವರು'. ಹತ್ತಿರ ಇರುವವರಿಗೆ 'ಇ', ದೂರ ಇರುವವರಿಗೆ 'ಅ'. ಹಳಗನ್ನಡದಲ್ಲಿ ಇವೆರಡರ ನಡುವೆ 'ಉ' ಕೂಡ ಇತ್ತು: ಉವಂ, ಉದು. ಅತಿ ಹತ್ತಿರವೂ ಅಲ್ಲ, ಅತಿ ದೂರವೂ ಅಲ್ಲದ್ದಕ್ಕೆ. ಅದು ಬಿದ್ದುಹೋಯಿತು. ಆದರೆ ಹತ್ತಿರ ಅಂದರೆ ಅಡಿ-ಗಜದ ಲೆಕ್ಕ ಮಾತ್ರ ಅಲ್ಲ. ಗಂಡನ ಹೆಸರು ಹೇಳದ ಹಿಂದಿನ ತಲೆಮಾರಿನ ಹೆಂಗಸರಿಗೆ ಗಂಡ ದುಬೈಯಲ್ಲಿದ್ದರೂ 'ಇವರು'. "ಇವರದ್ದು ಫೋನ್ ಬಂದಿತ್ತು" ಅಂದರೆ ಯಾರೂ "ಯಾರದ್ದು?" ಅಂತ ಕೇಳುವುದಿಲ್ಲ. ಪಕ್ಕದಲ್ಲೇ ಕೂತ ಭಾವ ಆಗ 'ಅವರು' ಆಗಿಬಿಡುತ್ತಾರೆ.

ನಾನು ಅಂದರೆ ನಾನಲ್ಲ

'ನಾನು' ಸುಲಭ ಅಂದೆನಲ್ಲ, ಈಗ ಒಂದು ತಾಳಮದ್ದಳೆಗೆ ಹೋಗೋಣ. ಯಕ್ಷಗಾನದ್ದೇ ಒಂದು ರೂಪ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಪಂಚೆ ಶಾಲಿನಲ್ಲಿ ಕೂತು ಮಾತಾಡುತ್ತಾರೆ. ಕೌರವನ ಅರ್ಥ ಹೇಳುತ್ತಿರುವವರು ಹಗಲು ಬ್ಯಾಂಕಿನಲ್ಲಿ ಮ್ಯಾನೇಜರ್ ಅಂತ ಇಟ್ಟುಕೊಳ್ಳಿ. "ನಾನು ಸೂಜಿಮೊನೆಯಷ್ಟು ನೆಲವನ್ನೂ ಕೊಡಲಾರೆ!" ಅನ್ನುತ್ತಾರೆ. ಬಾಯಿ ಮ್ಯಾನೇಜರರದ್ದು, 'ನಾನು' ಕೌರವನದ್ದು. ಸಭೆಯಲ್ಲಿ ಅವರ ಹತ್ತಿರ ಗೃಹಸಾಲ ಕೇಳಿದವರು ಇದ್ದರೂ ಗಾಬರಿ ಬೀಳುವುದಿಲ್ಲ. ಅದೇ ಉಸಿರಿನಲ್ಲಿ ಅವರು ಪಕ್ಕಕ್ಕೆ ತಿರುಗಿ, "ಮೈಕ್ ಸ್ವಲ್ಪ ಜಾಸ್ತಿ ಮಾಡಿ, ನನಗೇ ಕೇಳಿಸ್ತಾ ಇಲ್ಲ" ಅಂದರೆ, ಆ 'ನನಗೆ' ಮಾತ್ರ ಮ್ಯಾನೇಜರರದ್ದು. ಒಂದು ಕ್ಷಣದಲ್ಲಿ ಗುರಿ ಹಸ್ತಿನಾವತಿಯಿಂದ ಮಂಗಳೂರಿನ ಕದ್ರಿಗೆ ಬಂತು, ಮತ್ತೆ ವಾಪಸ್ಸು ಹೋಯಿತು. ಮಕ್ಕಳಿಗೂ ಗೊಂದಲ ಆಗುವುದಿಲ್ಲ.

ಅದು ನಾಟಕ, ಹಾಗಾಗಿ ಬೇರೆ ಲೆಕ್ಕ ಅನ್ನಬಹುದು. ಸರಿ, ದಿನನಿತ್ಯದ ಮಾತನ್ನೇ ನೋಡಿ. "ರವಿ ನಾನು ಬರ್ತೇನೆ ಅಂತ ಹೇಳಿದ." ಇಲ್ಲಿ 'ನಾನು' ರವಿ. "ರವಿ ನಾನು ಬರ್ತೇನೆ ಅಂತ ಹೇಳಿದನಂತೆ, ನಾನೆಲ್ಲಿ ಒಪ್ಪಿದ್ದೆ?" ಇಲ್ಲಿ ಮೊದಲ 'ನಾನು' ಹೇಳುತ್ತಿರುವವನೇ. ಒಂದೇ ಸಾಲು, ಎರಡು ಗುರಿ. ರವಿಯ ಮಾತನ್ನು ಹಾಗೇ ಎತ್ತಿ ಇಟ್ಟದ್ದರಿಂದ ಹೀಗಾಯಿತು ಅಂತ ಯಾರಾದರೂ ಹೇಳಬಹುದು. ಆದರೆ ಈ ಪ್ರಶ್ನೆ ನೋಡಿ: "ರವಿ ಎಲ್ಲಿಗೆ ಹೋಗ್ತೇನೆ ಅಂತ ಹೇಳಿದ?" ರವಿ 'ಎಲ್ಲಿಗೆ' ಅಂತ ಹೇಳಿಲ್ಲ. ಆ ಪ್ರಶ್ನೆ ನನ್ನದು. 'ಹೋಗ್ತೇನೆ' ಮಾತ್ರ ರವಿಯದ್ದು. ನನ್ನ ಪ್ರಶ್ನೆಯ ನಡುವೆ ಬೇರೆಯವನ 'ಏನೆ' ಬಂದು ಕೂತಿದೆ. ಎತ್ತಿ ಇಟ್ಟ ಮಾತಾಗಿದ್ದರೆ ಹೀಗೆ ಸೀಳಿಕೊಳ್ಳಲು ಆಗುತ್ತಿರಲಿಲ್ಲ.

'ನಾಳೆ'ಯೂ ಇದೇ ಆಟ ಆಡುತ್ತದೆ. "ನಾಳೆ ಬರ್ತೇನೆ ಅಂತ ಪ್ಲಂಬರ್ ಮೊನ್ನೆ ಹೇಳಿದ" ಅಂದರೆ ಆ ನಾಳೆ ನಿನ್ನೆಯೇ ಮುಗಿದಿದೆ.

ಇದು ನಮಗೆ ಉಪ್ಪು-ಅನ್ನದಷ್ಟು ಮಾಮೂಲು. ತತ್ವಶಾಸ್ತ್ರದಲ್ಲಿ ಮಾತ್ರ ಇದಕ್ಕೆ ದೊಡ್ಡ ಕತೆಯೇ ಇದೆ. ಅಮೆರಿಕದ ಡೇವಿಡ್ ಕಪ್ಲಾನ್ 'ನಾನು', 'ಇಲ್ಲಿ', 'ಈಗ' ಇಂಥ ಪದಗಳ ಬಗ್ಗೆ 1977ರಲ್ಲಿ ಬರೆದ ಪ್ರಬಂಧ 1989ರಲ್ಲಿ ಅಚ್ಚಾಯಿತು. ಇವತ್ತಿಗೂ ಈ ವಿಷಯಕ್ಕೆ ಅದೇ ಅಡಿಪಾಯ. ಅದರಲ್ಲಿ ಆತ ಹೇಳಿದ್ದು: ಬೇರೆಯವರ ಮಾತನ್ನು ಎತ್ತಿ ಇಡುವುದನ್ನು ಬಿಟ್ಟರೆ, 'ನಾನು' ಪದವನ್ನು ಮಾತಾಡುವವನಿಂದ ಕಿತ್ತು ಇನ್ನೊಬ್ಬನಿಗೆ ಅಂಟಿಸುವ ಸಾಧನ ಇಂಗ್ಲಿಷಿನಲ್ಲಿ ಇಲ್ಲ, ಸೇರಿಸಲೂ ಆಗದು. ಅಂಥದ್ದೇನಾದರೂ ಇದ್ದರೆ ಅದು 'ಮಾನ್‌ಸ್ಟರ್' ಅಂದ. ಫಿಲಿಪ್ ಶ್ಲೆಂಕರ್ ಎಂಬ ಭಾಷಾವಿಜ್ಞಾನಿ 2003ರಲ್ಲಿ ಇಥಿಯೋಪಿಯದ ಅಮ್ಹಾರಿಕ್ ಭಾಷೆಯ ಉದಾಹರಣೆ ಮುಂದಿಟ್ಟು, ಮಾನ್‌ಸ್ಟರ್‌ಗಳು ಇವೆ ಅಂತ ವಾದ ಮಾಡಿದ. ಕನ್ನಡದ 'ಅಂತ' ಅದೇ ಜಾತಿಯದ್ದು. ಕಪ್ಲಾನ್ ಹೆದರಿದ ರಾಕ್ಷಸ ನಮ್ಮಲ್ಲಿ ಎರಡಕ್ಷರದ ಸಾಧು ಪ್ರಾಣಿ. ಪೇಪರ್ ಓದುವವರು ಇನ್ನೂ ವಿಚಿತ್ರವಾದ ಒಂದು ಜೋಡಿಯನ್ನು ದಿನವೂ ನೋಡುತ್ತಾರೆ: "ತಾನು ನಾಳೆ ಬರುತ್ತೇನೆ ಎಂದು ಹೇಳಿದ." ಕರ್ತೃ 'ತಾನು', ಕ್ರಿಯಾಪದದ ಬಾಲ 'ನಾನು'ವಿನದ್ದು. ವ್ಯಾಕರಣದ ಪಾಠದ ಪ್ರಕಾರ ಜಗಳ ಆಗಬೇಕಿತ್ತು. ಆಗುವುದಿಲ್ಲ, ಯಾಕೆಂದರೆ ಎರಡೂ ಒಬ್ಬನನ್ನೇ ತೋರಿಸುತ್ತಿವೆ.

ತಾನು ಎಷ್ಟು ದೂರ ಹೋಗುತ್ತದೆ

'ತಾನು' ಪದವನ್ನು ನಾವು ಕಡಿಮೆ ಅಂದಾಜು ಮಾಡಿದ್ದೇವೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಈ ಎರಡು ಸಾಲು ನೋಡಿ.

ಶೇಖರ ದಿನೇಶನಿಗೆ ತನ್ನ ಬೈಕ್ ಕೊಟ್ಟ.
ಶೇಖರ ದಿನೇಶನಿಗೆ ಅವನ ಬೈಕ್ ಕೊಟ್ಟ.

ಮೊದಲನೆಯದರಲ್ಲಿ ಬೈಕ್ ಶೇಖರನದ್ದು, ಸಂಶಯವೇ ಇಲ್ಲ. ಎರಡನೆಯದರಲ್ಲಿ ದಿನೇಶನದ್ದು ಇರಬಹುದು, ಮೂರನೆಯವನದ್ದೂ ಇರಬಹುದು. ಮಾತಿನ ಭರದಲ್ಲಿ ಶೇಖರನದ್ದಕ್ಕೂ ಹೀಗೆ ಹೇಳುವವರಿದ್ದಾರೆ. ಆದರೆ ಸೂಕ್ಷ್ಮವಾಗಿ ಬರೆಯುವವರು ಹೇಳುವುದಿಲ್ಲ. 'ತಾನು' ಕೊಡುವ ದಾರಿ ಇಷ್ಟು: ಈ ವಾಕ್ಯ ಯಾರ ಕಡೆಯಿಂದ ನಡೀತಾ ಉಂಟು ನೋಡು, ಅವರನ್ನು ಹಿಡಿ. ಹೆಚ್ಚಿನ ಸಲ ಅದು ಕರ್ತೃ. ದಿನೇಶನಿಗೆ 'ಗೆ' ಹತ್ತಿದೆ, ಅವನು ಬೈಕ್ ಪಡೆದವನು ಮಾತ್ರ, ಹಾಗಾಗಿ ಅವನಿಗೆ 'ತನ್ನ' ಸಿಗುವುದಿಲ್ಲ. ಆದರೆ "ದಿನೇಶನಿಗೆ ತನ್ನ ಊರೆಂದರೆ ಪ್ರಾಣ" ಅನ್ನಿ. ಅದೇ 'ಗೆ'. ಈಗ 'ತನ್ನ' ದಿನೇಶನದ್ದೇ! ಪ್ರೀತಿ ಅವನದ್ದು, ವಾಕ್ಯ ಅವನ ಕಡೆಯಿಂದ ನಡೆಯುತ್ತಿದೆ. ವಿಭಕ್ತಿ ಪ್ರತ್ಯಯ ಒಂದೇ ಆದರೂ 'ತಾನು' ಮೋಸ ಹೋಗುವುದಿಲ್ಲ.

ಈಗ ಸ್ವಲ್ಪ ಉದ್ದದ ವಾಕ್ಯ: "ತನ್ನನ್ನು ಪ್ರೇಮಾ ಹೊಗಳಿದಳು ಅಂತ ಸುಮಾ ಹೇಳಿದಳು." ಹೊಗಳಿಸಿಕೊಂಡವಳು ಸುಮಾ. ಪಕ್ಕದಲ್ಲೇ ಪ್ರೇಮಾ ಇದ್ದರೂ 'ತನ್ನನ್ನು' ಅವಳನ್ನು ಹಾರಿ, 'ಅಂತ'ದ ಬೇಲಿ ದಾಟಿ, ಸುಮಾಳ ಹತ್ತಿರ ಹೋಯಿತು. ಪ್ರೇಮಾ ತನ್ನನ್ನೇ ಹೊಗಳಿದ್ದು ಅಂತ ಹೇಳಬೇಕಾದರೆ ಕ್ರಿಯಾಪದಕ್ಕೆ 'ಕೊಳ್ಳು' ಸೇರಿಸಬೇಕು: ತನ್ನನ್ನು ತಾನೇ ಹೊಗಳಿಕೊಂಡಳು. ಅಂದರೆ ಯಾರನ್ನು ಅನ್ನುವ ಸುಳಿವನ್ನು ಕನ್ನಡ ಸರ್ವನಾಮದಲ್ಲಿ ಅರ್ಧ, ಕ್ರಿಯಾಪದದಲ್ಲಿ ಅರ್ಧ ಇಟ್ಟಿದೆ.

ಅಮೆರಿಕದ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ 1981ರಲ್ಲಿ ಇಂಥ ವಿಷಯಕ್ಕೆ ಮೂರು ನಿಯಮ ಕೊಟ್ಟ. ಸರಳವಾಗಿ ಹೇಳಿದರೆ, 'ತನ್ನನ್ನು ತಾನೇ' ಥರದ ಪದಕ್ಕೆ ಒಡೆಯ, ಅಂದರೆ ಅದು ಯಾರನ್ನು ತೋರಿಸುತ್ತದೋ ಅವರು, ಅದೇ ವಾಕ್ಯಖಂಡದೊಳಗೆ ಸಿಗಬೇಕು, 'ಅವನು' ಥರದ್ದಕ್ಕೆ ಅಷ್ಟು ಹತ್ತಿರ ಸಿಗಬಾರದು, ಹೆಸರಿಗೆ ಮೇಲೆ ಯಾವ ಒಡೆಯನೂ ಇರಬಾರದು. ಮೂರನೆಯದು ನಮ್ಮಲ್ಲಿ ಚೆನ್ನಾಗಿ ನಡೆಯುತ್ತದೆ. "ಅವಳು ಸುಮಾಳ ಮನೆಗೆ ಹೋದಳು" ಅಂದರೆ ಅವಳು ಸುಮಾ ಆಗಿರಲು ಸಾಧ್ಯವೇ ಇಲ್ಲ. ಮೊದಲನೆಯದಕ್ಕೆ ನಮ್ಮ ಒಂಟಿ 'ತಾನು' ಜಗ್ಗುವುದಿಲ್ಲ. ಇಂಗ್ಲಿಷಿನ ಅಳತೆಯಲ್ಲಿ ಹೊಲಿದ ಅಂಗಿ ಅದು, ಇಲ್ಲಿ ಭುಜದಲ್ಲಿ ಬಿಗಿ.

ಹೇಳದೇ ಇರುವುದೂ ಒಂದು ದಾರಿ

"ಮಲ್ಪೆಯಲ್ಲಿ ಒಬ್ಬ ತಂಡೇಲ ಇದ್ದ. ಬೆಳಿಗ್ಗೆ ನಾಲ್ಕಕ್ಕೆ ಎದ್ದ. ಬಲೆ ನೋಡಿದ. ಹರಿದಿತ್ತು. ತಮ್ಮನನ್ನು ಕರೆದ. ಅವನು ಏಳಲಿಲ್ಲ."

ತಂಡೇಲ ಅಂದರೆ ಮೀನುಗಾರಿಕೆ ಬೋಟನ್ನು ನಡೆಸುವ ಮುಖ್ಯಸ್ಥ. ಆರು ಪುಟ್ಟ ವಾಕ್ಯ. ಒಂದೊಂದನ್ನೇ ನೋಡಿ. ಎದ್ದವನು ಯಾರು? ಹೇಳಿಲ್ಲ, ಆದರೆ ತಂಡೇಲ. ಹರಿದಿದ್ದು ಯಾವುದು? ಹೇಳಿಲ್ಲ, ಆದರೆ ಬಲೆ. 'ಇತ್ತು' ಅನ್ನುವ ನಪುಂಸಕದ ಬಾಲ ತಂಡೇಲನನ್ನು ಹೊರಗಿಟ್ಟಿತು. ತಮ್ಮ ಯಾರ ತಮ್ಮ? ತಂಡೇಲನ ತಮ್ಮ. ಈಗ ಕೊನೆಗೆ ಬನ್ನಿ. 'ಅವನು' ಯಾರು? ತಮ್ಮ. ತಂಡೇಲ ಅಲ್ಲ.

ಇದು ನನಗೆ ಬಹಳ ಇಷ್ಟದ ಜಾಗ. ಇಡೀ ಕತೆ ತಂಡೇಲನದ್ದು. ಅವನಿಗೆ ಒಂದು ಸರ್ವನಾಮವನ್ನೂ ಖರ್ಚು ಮಾಡಲಿಲ್ಲ. ಸರ್ವನಾಮ ಬಾಯಿಬಿಟ್ಟು ಹೇಳಿದ ಕೂಡಲೇ ಗುರಿ ಬದಲಾಯಿತು. ಕನ್ನಡದಲ್ಲಿ ಕ್ರಿಯಾಪದದ ಬಾಲವೇ ಅವನು, ಅವಳು, ಅದು ಅಂತ ಹೇಳುವುದರಿಂದ, ಮಾತು ಯಾರ ಮೇಲೆ ನಡೆಯುತ್ತಿದೆಯೋ ಅವರನ್ನು ಬಿಟ್ಟು ಹೇಳುವುದೇ ರೂಢಿ. ಬಿಡಬಹುದಾದ ಜಾಗದಲ್ಲಿ ಬಿಡದೆ 'ಅವನು' ಅಂದರೆ, "ತಡಿ, ಈಗ ಬೇರೆಯವನ ಮಾತು" ಅಂತ ಅರ್ಥ. ಇಂಗ್ಲಿಷಿನಿಂದ ಅನುವಾದ ಮಾಡಿದ ಕತೆಗಳನ್ನು ಓದುವಾಗ ತಲೆ ತಿರುಗುವುದು ಇದಕ್ಕೇ. ಪ್ರತಿ ವಾಕ್ಯಕ್ಕೂ 'ಅವನು', 'ಅವನು' ಅಂತ ಹಾಕಿರುತ್ತಾರೆ. ಪ್ರತಿ ಸಲವೂ ಯಾರೋ ಹೊಸಬ ಬಂದ ಅಂತ ನಾವು ಬಾಗಿಲ ಕಡೆ ನೋಡುತ್ತೇವೆ.

ಬಾರ್ಬರಾ ಗ್ರೋಸ್, ಪುಣೆಯಲ್ಲಿ ಹುಟ್ಟಿದ ಅರವಿಂದ ಜೋಶಿ ಮತ್ತು ಸ್ಕಾಟ್ ವೈನ್‌ಸ್ಟೈನ್ ಎಂಬ ಸಂಶೋಧಕರು 1995ರಲ್ಲಿ ಅಚ್ಚಾದ ಲೇಖನದಲ್ಲಿ ಇದನ್ನೇ ಲೆಕ್ಕಕ್ಕೆ ಇಳಿಸಿದರು. ಪ್ರತಿ ವಾಕ್ಯಕ್ಕೂ ಒಂದು ನಡುಬಿಂದು ಇರುತ್ತದೆ, ಅಂದರೆ ಮಾತು ಯಾರ ಅಥವಾ ಯಾವುದರ ಮೇಲೆ ನಡೆಯುತ್ತಿದೆಯೋ ಅದು. ಯಾವುದನ್ನಾದರೂ ಸರ್ವನಾಮದಿಂದ ಹೇಳುವುದಾದರೆ ಮೊದಲ ಹಕ್ಕು ಆ ನಡುಬಿಂದುವಿಗೆ. ಕನ್ನಡಕ್ಕೆ ಇದನ್ನು ಒಂದು ಮೆಟ್ಟಿಲು ಕೆಳಗಿಳಿಸಬೇಕು. ಮೊದಲ ಹಕ್ಕು ಮೌನಕ್ಕೆ.

ಮೀನು ತಂದದ್ದು, ಮೀನನ್ನು ತಂದದ್ದು

ನಾಮಪದಗಳಿಗೆ ಬರೋಣ. ಇಂಗ್ಲಿಷಿನವರ ಹತ್ತಿರ 'ಎ', 'ದಿ' ಅಂತ ಎರಡು ಪುಟ್ಟ ಪದ ಇವೆ. ಹೊಸಬ ಬಂದರೆ ಮೊದಲನೆಯದು, ಗೊತ್ತಿದ್ದವನಾದರೆ ಎರಡನೆಯದು. ಕನ್ನಡದಲ್ಲಿ ಇವಿಲ್ಲ, ಹಾಗಾಗಿ ಕನ್ನಡ ಈ ವ್ಯತ್ಯಾಸ ಮಾಡುವುದಿಲ್ಲ ಅಂತ ಕೆಲವರು ತಿಳಿದಿದ್ದಾರೆ. ಮಾಡುತ್ತದೆ, ಬೇರೆ ಕಡೆ ಮಾಡುತ್ತದೆ.

"ಮೀನು ತಂದೆ" ಅಂದರೆ ಮನೆಯವರು "ಎಂತ ಮೀನು?" ಅನ್ನುತ್ತಾರೆ. "ಮೀನನ್ನು ತಂದೆ" ಅಂದರೆ, ಮೊದಲೇ ಮಾತಾಗಿದ್ದ ಆ ಮೀನು. ಮಾತಾಗಿರದಿದ್ದರೆ "ಯಾವ ಮೀನನ್ನು?" ಅಂತ ಕೇಳುತ್ತಾರೆ. ವ್ಯತ್ಯಾಸವೆಲ್ಲ ಆ 'ಅನ್ನು'ವಿನಲ್ಲಿ. ಮನುಷ್ಯರ ವಿಷಯದಲ್ಲಿ ಇದು ಇನ್ನೂ ಚುರುಕು. "ಮಗನಿಗೆ ಹುಡುಗಿ ಹುಡುಕ್ತಾ ಇದ್ದಾರೆ" ಅಂದರೆ ಮದುವೆ ದಲ್ಲಾಳಿಯ ನಂಬರ್ ಕೊಡಿ. "ಹುಡುಗಿಯನ್ನು ಹುಡುಕ್ತಾ ಇದ್ದಾರೆ" ಅಂದರೆ ಪೊಲೀಸ್ ಸ್ಟೇಷನ್ನಿನದ್ದು ಕೊಡಿ. ಮೊದಲನೆಯದರಲ್ಲಿ ಹುಡುಗಿ ಇನ್ನೂ ಯಾರೂ ಅಲ್ಲ. ಎರಡನೆಯದರಲ್ಲಿ ಅವಳಿಗೊಂದು ಮನೆ, ಮುಖ, ಹೆಸರು ಎಲ್ಲ ಉಂಟು.

ಹೊಸ ಗುರಿಯನ್ನು ಮಾತಿನೊಳಗೆ ಕರೆತರಲು ನಾವು 'ಒಬ್ಬ', 'ಒಂದು' ಬಳಸುತ್ತೇವೆ. "ಬಸ್ಸಿನಲ್ಲಿ ಒಬ್ಬ ಸಿಕ್ಕಿದ. ಅವನು ಕಾಪುವಿನಲ್ಲಿ ಇಳಿದ." ಸರಿ. "ಬಸ್ಸಿನಲ್ಲಿ ಯಾರೂ ಸಿಗಲಿಲ್ಲ. ಅವನು ಕಾಪುವಿನಲ್ಲಿ ಇಳಿದ." ಆಗುವುದಿಲ್ಲ. 1969ರಲ್ಲಿ ಭಾಷಾವಿಜ್ಞಾನಿ ಲೌರಿ ಕಾರ್ಟುನೆನ್ ಇದನ್ನು ಹೀಗೆ ನೋಡಿದ: ಮಾತು ನಡೆಯುವಾಗ ಕೇಳುವವರು ಮನಸ್ಸಿನಲ್ಲಿ ಒಂದೊಂದು ಹೊಸಬನಿಗೂ ಒಂದು ಖಾತೆ ತೆರೆಯುತ್ತಾರೆ, ಮುಂದೆ ಬರುವ 'ಅವನು' ಆ ಖಾತೆಗೆ ಜಮಾ ಆಗುತ್ತದೆ. ಅವನು ನಿಜವಾದ ಮನುಷ್ಯನೇ ಆಗಬೇಕೆಂದಿಲ್ಲ. ಅಜ್ಜಿಕತೆಯ ರಾಜನಿಗೂ ಖಾತೆ ಉಂಟು.

ಕೆಲವು ಖಾತೆ ತಾವಾಗೇ ತೆರೆಯುತ್ತವೆ. "ಬಸ್ಸು ಹತ್ತಿದೆ. ಕಂಡಕ್ಟರ್ ಚಿಲ್ಲರೆ ಇಲ್ಲ ಅಂದ." ಯಾವ ಕಂಡಕ್ಟರ್ ಅಂತ ಯಾರೂ ಕೇಳುವುದಿಲ್ಲ. "ಮದುವೆಗೆ ಹೋಗಿದ್ದೆವು. ಮದುಮಗಳು ಭಾರೀ ಚಂದ." ಮದುವೆ ಅಂದ ಕೂಡಲೇ ಮದುಮಗಳಿಗೆ ಜಾಗ ಆಯಿತು. ವ್ಯಾಕರಣ ಇಲ್ಲಿ ಏನೂ ಮಾಡಲಿಲ್ಲ, ಲೋಕಜ್ಞಾನ ಮಾಡಿತು.

ಮ್ಯಾಂಗಲೋರ್ ಮೀನೂಟದ ಹೋಟೆಲಿನಲ್ಲಿ ಕೂತರೆ ಇನ್ನೊಂದು ಚಂದದ ಸಂಗತಿ ಸಿಗುತ್ತದೆ. "ಎರಡು ಬಂಗುಡೆ ಫ್ರೈ ಹೋಗಿದೆ" ಅಂತ ಸಪ್ಲೈಯರ್ ಹೇಳಿದರೆ, ತಟ್ಟೆ ಟೇಬಲಿಗೆ ಹೋಗಿದೆ. "ಎರಡು ಬಂಗುಡೆ ಫ್ರೈ ಕೈ ತೊಳೀಲಿಕ್ಕೆ ಹೋಗಿದ್ದಾರೆ, ಬಿಲ್ ಆಗಿಲ್ಲ" ಅಂದರೆ, ತಿಂದವರು ಹೋಗಿದ್ದಾರೆ. ಬಂಗುಡೆ ಅದೇ ಬಂಗುಡೆ. 'ಇದೆ' ಮೀನನ್ನು ಹಿಡಿಯಿತು, 'ಇದ್ದಾರೆ' ಗಿರಾಕಿಯನ್ನು. ಗಲ್ಲಾದಲ್ಲಿ ಕೂತವರು ತಲೆಯೆತ್ತಿ ನೋಡುವುದು ಎರಡನೆಯದಕ್ಕೆ ಮಾತ್ರ.

ಇನ್ನು ಯಾರನ್ನೂ ಹಿಡಿಯದ ಸರ್ವನಾಮಗಳು. "ಯಾರು ಮೊದಲು ಬರ್ತಾರೋ ಅವರಿಗೆ ಸೀಟು." 'ಅವರು' ಯಾರೂ ಅಲ್ಲ, ಇನ್ನೂ ಯಾರೂ ಬಂದೇ ಇಲ್ಲ. "ಬೋಟ್ ಇರುವವರೆಲ್ಲ ಮಳೆಗಾಲದಲ್ಲಿ ಅದನ್ನು ಬಂದರಿನಲ್ಲಿ ಕಟ್ಟಿ ಹಾಕ್ತಾರೆ." ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ ಇರುವಾಗ ಮಲ್ಪೆಯಲ್ಲಿ ಕಾಣುವ ದೃಶ್ಯ ಇದೇ. ಆದರೆ 'ಅದು' ಯಾವ ಬೋಟ್? ಯಾವುದೋ ಒಂದಲ್ಲ, ಎಲ್ಲ ಬೋಟುಗಳ ರಾಶಿಯೂ ಅಲ್ಲ. ಒಬ್ಬೊಬ್ಬರಿಗೂ ಅವರವರದ್ದು. ಎರಡು ಬೋಟ್ ಇರುವವನು ಒಂದನ್ನು ಮಾತ್ರ ಕಟ್ಟಿದರೆ ಮಾತು ನಿಜವೋ ಸುಳ್ಳೋ? ತತ್ವಜ್ಞಾನಿ ಪೀಟರ್ ಗೀಚ್ 1962ರಲ್ಲಿ ಕತ್ತೆ ಸಾಕಿದ ರೈತರ ಉದಾಹರಣೆಯಲ್ಲಿ ಈ ಜಾತಿಯ ವಾಕ್ಯವನ್ನು ಚರ್ಚೆಗೆ ತಂದ. ಹಾನ್ಸ್ ಕಾಂಪ್ 1981ರಲ್ಲಿ, ಐರೀನ್ ಹೈಮ್ 1982ರಲ್ಲಿ ಬೇರೆ ಬೇರೆಯಾಗಿ ಉತ್ತರ ಕಟ್ಟಿದರು. ಇಬ್ಬರದ್ದೂ ತಿರುಳು ಒಂದೇ: ಅರ್ಥವನ್ನು ಒಂದೊಂದೇ ವಾಕ್ಯಕ್ಕೆ ಅಳೆಯಬೇಡಿ, ಮಾತು ಮುಂದುವರಿದಂತೆ ಖಾತೆಗಳು ಹೇಗೆ ಬದಲಾಗುತ್ತವೆ ಅದನ್ನು ಅಳೆಯಿರಿ. ಎರಡು ಬೋಟಿನವನ ಜಗಳ ಮಾತ್ರ ಇನ್ನೂ ನಡೆಯುತ್ತಲೇ ಇದೆ.

ಹೆಸರು ಮತ್ತು ವರ್ಣನೆ

ಗುರಿ ಇಲ್ಲದ ವರ್ಣನೆಯ ಗತಿ ಏನು? "ಉಡುಪಿ ವಿಮಾನ ನಿಲ್ದಾಣದ ಮ್ಯಾನೇಜರ್ ರಜೆಯಲ್ಲಿದ್ದಾರೆ." ಉಡುಪಿಯಲ್ಲಿ ವಿಮಾನ ನಿಲ್ದಾಣವೇ ಇಲ್ಲ. ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1905ರಲ್ಲಿ, ರಾಜನೇ ಇಲ್ಲದ ಫ್ರಾನ್ಸಿನ ರಾಜನ ಉದಾಹರಣೆ ಕೊಟ್ಟು, ಇಂಥ ಮಾತು ಸುಳ್ಳು ಅಂದ. ಪೀಟರ್ ಸ್ಟ್ರಾಸನ್ 1950ರಲ್ಲಿ, ಸುಳ್ಳು ಅನ್ನುವಷ್ಟು ದೂರವೂ ಅದು ಹೋಗುವುದಿಲ್ಲ, ಗುರಿಯೇ ತಪ್ಪಿತು ಅಂದ. ನಮ್ಮೂರಿನವರು ಸ್ಟ್ರಾಸನ್ ಪಕ್ಷ. "ಸುಳ್ಳು" ಅನ್ನುವುದಿಲ್ಲ, "ಯಾವ ವಿಮಾನ ನಿಲ್ದಾಣ ಮಾರಾಯ್ರೆ?" ಅನ್ನುತ್ತಾರೆ.

ವರ್ಣನೆ ತಪ್ಪಿದ್ದರೂ ಗುರಿ ಸಿಗುವುದುಂಟು. ಮದುವೆ ಹಾಲ್‌ನಲ್ಲಿ "ಆ ಪುನರ್ಪುಳಿ ಜ್ಯೂಸ್ ಕುಡೀತಾ ಇರುವವರು ಯಾರು?" ಅಂತ ಕೇಳುತ್ತೀರಿ. ಅವರ ಗ್ಲಾಸಿನಲ್ಲಿ ಇದ್ದದ್ದು ದ್ರಾಕ್ಷಿ ರಸ. ಆದರೂ ಉತ್ತರ ಬರುತ್ತದೆ: "ಅವರಾ? ಮದುಮಗನ ಸೋದರಮಾವ." 1966ರಲ್ಲಿ ಕೀತ್ ಡೊನೆಲನ್ ಎತ್ತಿದ ವಿಷಯ ಇದೇ. ಅವನ ಉದಾಹರಣೆಯಲ್ಲಿ ಕೇಳಿದ್ದು ಮಾರ್ಟಿನಿ ಕುಡಿಯುವವನ ಬಗ್ಗೆ, ಗ್ಲಾಸಿನಲ್ಲಿ ಇದ್ದದ್ದು ನೀರು.

ಹೆಸರುಗಳ ಕತೆ ಇನ್ನೊಂದು ಥರ. ತತ್ವಜ್ಞಾನಿ ಸಾಲ್ ಕ್ರಿಪ್ಕಿ 1970ರ ಉಪನ್ಯಾಸಗಳಲ್ಲಿ ಹೇಳಿದ: ಹೆಸರು ವರ್ಣನೆಯ ಸಂಕ್ಷೇಪ ಅಲ್ಲ. ಒಮ್ಮೆ ಇಟ್ಟ ಮೇಲೆ ಬಾಯಿಂದ ಬಾಯಿಗೆ ಸರಪಳಿಯಾಗಿ ಬರುತ್ತದೆ. ಮಂಗಳೂರಿನ ಕಂಡಕ್ಟರ್ "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಅಂತ ಕೂಗಿದರೆ ಯಾರೂ ಪಾಸ್‌ಬುಕ್ ಹುಡುಕುವುದಿಲ್ಲ. ಅದು ಸಿಟಿ ಬಸ್ ನಿಲ್ದಾಣ. 'ಜ್ಯೋತಿ'ಗೆ ಟಿಕೆಟ್ ಕೇಳುವವರಿಗೆ ಸಿನಿಮಾ ಬೇಕಾಗಿಲ್ಲ, ಅಂಬೇಡ್ಕರ್ ವೃತ್ತ ಬೇಕು. ಹೆಸರಿಗೆ ಕಾರಣವಾದದ್ದನ್ನು ಮರೆತರೂ ಹೆಸರು ಸರಿಯಾದ ಜಾಗದಲ್ಲೇ ಇಳಿಸುತ್ತದೆ.

ಹಾಗಂತ ಹೆಸರೆಂದರೆ ಗುರಿ ಮಾತ್ರ ಅನ್ನಲೂ ಆಗದು. ಕನ್ನಡದ ಮಂಗಳೂರು ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ್, ಬ್ಯಾರಿಯಲ್ಲಿ ಮೈಕಾಲ. ನಾಲ್ಕು ಹೆಸರು, ಒಂದೇ ಊರು. "ಮಂಗಳೂರು ಅಂದ್ರೆ ಮಂಗಳೂರು" ಅಂದರೆ ಯಾರಿಗೂ ಹೊಸ ವಿಷಯ ಗೊತ್ತಾಗುವುದಿಲ್ಲ. "ಮೈಕಾಲ ಅಂದ್ರೆ ಮಂಗಳೂರು" ಅಂದರೆ ಬೀದರಿನಿಂದ ಬಂದವನು ಹೊಸದೊಂದು ಕಲಿತ. ಗುರಿ ಒಂದೇ ಆದಮೇಲೆ ಈ ವ್ಯತ್ಯಾಸ ಎಲ್ಲಿಂದ ಬಂತು? ಜರ್ಮನಿಯ ಗಾಟ್‌ಲೋಬ್ ಫ್ರೇಗೆ 1892ರಲ್ಲೇ ಬೆಳಗಿನ ನಕ್ಷತ್ರ, ಸಂಜೆಯ ನಕ್ಷತ್ರ ಎರಡೂ ಶುಕ್ರವೇ ಅನ್ನುವ ಉದಾಹರಣೆಯಲ್ಲಿ ಈ ಪ್ರಶ್ನೆ ಕೇಳಿದ. ಅವನ ಉತ್ತರ: ಗುರಿಯ ಜೊತೆಗೆ, ಅದು ನಮಗೆ ಕಾಣಿಸಿಕೊಳ್ಳುವ ಬಗೆಯೂ ಪದದಲ್ಲಿ ಇರುತ್ತದೆ.

ಅವಳು ಅಂದ್ರೆ ಯಾರು, ಯಂತ್ರಕ್ಕೆ ಗೊತ್ತಾ?

ಇಷ್ಟೆಲ್ಲ ವ್ಯಾಕರಣ ಮುಗಿದ ಮೇಲೂ ಕೊನೆಯ ಹೆಜ್ಜೆ ಬಾಕಿ ಇರುತ್ತದೆ.

ಮೀನು ಮಾರುವವಳು ಜಯಕ್ಕನಿಗೆ ಸಾಲ ಕೊಡಲಿಲ್ಲ, ಯಾಕಂದ್ರೆ ಅವಳು ಹಳೇ ಬಾಕಿ ತೀರಿಸಿರಲಿಲ್ಲ.
ಮೀನು ಮಾರುವವಳು ಜಯಕ್ಕನಿಗೆ ಸಾಲ ಕೊಡಲಿಲ್ಲ, ಯಾಕಂದ್ರೆ ಅವಳು ಸಾಲದ ವ್ಯಾಪಾರ ಬಿಟ್ಟಿದ್ದಳು.

ಮೊದಲನೆಯದರಲ್ಲಿ 'ಅವಳು' ಜಯಕ್ಕ. ಎರಡನೆಯದರಲ್ಲಿ ಮೀನಿನವಳು. ವಾಕ್ಯದ ಕಟ್ಟು ಒಂದೇ, ಲಿಂಗ ವಚನ ಒಂದೇ. ದಾರಿ ತೋರಿಸಿದ್ದು ವ್ಯಾಕರಣ ಅಲ್ಲ, ಸಾಲ ಅಂದರೆ ಏನು ಅನ್ನುವ ತಿಳಿವಳಿಕೆ. ಕಂಪ್ಯೂಟರಿಗೆ ಮನುಷ್ಯರ ಭಾಷೆ ಕಲಿಸಲು ಹೊರಟಿದ್ದ ಟೆರಿ ವಿನೊಗ್ರಾಡ್ 1972ರಲ್ಲಿ ಇಂಥದ್ದೇ ಒಂದು ಜೋಡಿ ಕೊಟ್ಟಿದ್ದ. ಸುಮಾರು ನಾಲ್ಕು ದಶಕದ ಮೇಲೆ ಹೆಕ್ಟರ್ ಲೆವೆಕ್ ಇಂಥ ಜೋಡಿಗಳನ್ನೇ ಯಂತ್ರಗಳ ಬುದ್ಧಿಗೆ ಪರೀಕ್ಷೆಯಾಗಿ ಇಟ್ಟ. 2019ರ ಹೊತ್ತಿಗೆ ಯಂತ್ರಗಳು ಆ ಪರೀಕ್ಷೆಯಲ್ಲಿ ನೂರಕ್ಕೆ 90ರಷ್ಟು ಅಂಕ ತೆಗೆದವು. ಕೂಡಲೇ ವಾದ ಶುರುವಾಯಿತು: ಇವಕ್ಕೆ ಸಾಲ ಅರ್ಥವಾಯಿತಾ, ಅಥವಾ 'ಬಾಕಿ' ಪದದ ಪಕ್ಕ ಯಾರು ಜಾಸ್ತಿ ಕೂರುತ್ತಾರೆ ಅನ್ನುವ ಲೆಕ್ಕ ಮಾತ್ರ ಸಿಕ್ಕಿತಾ?

ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಯಂತ್ರಕ್ಕೆ ಇನ್ನೊಂದು ತಲೆನೋವು ಉಂಟು. "ಡಾಕ್ಟ್ರು ಬಂದಿದ್ರು. ಮಾತ್ರೆ ಬರೆದುಕೊಟ್ರು. ಸಂಜೆ ಮತ್ತೆ ಬರ್ತಾರಂತೆ." ಗಂಡೋ ಹೆಣ್ಣೋ, ಒಬ್ಬರೋ ಇಬ್ಬರೋ, ನಾವು ಹೇಳಲೇ ಇಲ್ಲ. ಗೌರವದ 'ಅರು' ಎಲ್ಲವನ್ನೂ ಮುಚ್ಚಿತು. ಇಂಗ್ಲಿಷಿಗೆ ಮೂರು ವಾಕ್ಯಕ್ಕೂ ಕರ್ತೃ ಬೇಕು, ಹಾಗಾಗಿ ಯಂತ್ರ ಏನಾದರೊಂದು ಆರಿಸಲೇಬೇಕು. 'ಡಾಕ್ಟರ್' ಅಂದ ಕೂಡಲೇ 'ಹಿ' ಅಂತಲೂ, 'ನರ್ಸ್' ಅಂದ ಕೂಡಲೇ 'ಶಿ' ಅಂತಲೂ ಹಾಕುವ ಚಾಳಿ ಅನುವಾದದ ಯಂತ್ರಗಳಿಗೆ ಬಂದದ್ದು, ಅವು ಓದಿದ ಬರಹಗಳಿಂದ. ಡಾಕ್ಟ್ರು ಯಾರು ಅಂತ ಮನೆಯವರಿಗೆ ಗೊತ್ತು, ಹಾಗಾಗಿ ಹೇಳಲಿಲ್ಲ. ಯಂತ್ರಕ್ಕೆ ಗೊತ್ತಿಲ್ಲ, ಆದರೂ ಹೇಳುತ್ತದೆ.